ಪಿಂಪ್ರಿಯ ಪೆನಿಸಿಲಿನ್ನಿನಿಂದ ಮನೆಯ ಮುಲಾಮಿನವರೆಗೆ: ಸುಟ್ಟಗಾಯದ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

೧

ಪುಣೆಯಿಂದ ಮುಂಬಯಿಗೆ ಹೋಗುವ ಹಳೆಯ ಹೆದ್ದಾರಿಯ ಮೇಲೆ, ನಗರದ ವಾಯವ್ಯಕ್ಕೆ, ಪಿಂಪ್ರಿ ಎಂಬ ಊರಿದೆ. ಸ್ವತಂತ್ರ ಭಾರತದ ವೈದ್ಯಕೀಯ ಚರಿತ್ರೆಯಲ್ಲಿ ಈ ಊರಿಗೆ ವಿಶೇಷವಾದ ಸ್ಥಾನವುಂಟು. ೧೯೫೪ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಂಸ್ಥೆಗಳ ನೆರವನ್ನು ಪಡೆದು ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಎಂಬ ಕಾರಖಾನೆಯನ್ನು ಇಲ್ಲಿ ಸ್ಥಾಪಿಸಿತು. ೧೯೫೫ರಲ್ಲಿ ಅದರಿಂದ ಪೆನಿಸಿಲಿನ್ ಹೊರಬರತೊಡಗಿತು. ಅದುವರೆಗೆ ಹಡಗಿನಲ್ಲಿ ಬರಬೇಕಾಗಿದ್ದ, ಬಂದರೂ ಬಡವರ ಕೈಗೆಟುಕದಿದ್ದ ಔಷಧವೊಂದು ಈ ನೆಲದಲ್ಲಿಯೇ ತಯಾರಾಗುವಂತಾಯಿತು. ಔಷಧೋದ್ಯಮದಲ್ಲಿ ಸರಕಾರವೇ ಬಂಡವಾಳ ಹೂಡಿ ನಡೆಸಿದ ಮೊದಲನೆಯ ಸಂಸ್ಥೆಯಿದು.

ಅಂದು ಅಪೂರ್ವವಾಗಿದ್ದ ಪ್ರತಿಜೈವಿಕಗಳ ವಂಶ ಇಂದು ಮನೆಮನೆಯ ಗೂಡಿನಲ್ಲಿ ನೆಲೆಸಿದೆ. ಒಗ್ಗರಣೆಯ ಎಣ್ಣೆ ಮುಂಗೈಗೆ ಸಿಡಿದರೆ, ಕುಕ್ಕರಿನ ಹಬೆ ಬೆರಳಿಗೆ ತಾಗಿದರೆ, ಇಸ್ತ್ರಿಪೆಟ್ಟಿಗೆಯ ಅಂಚು ಮಣಿಕಟ್ಟನ್ನು ಸುಟ್ಟರೆ, ಮನೆಯವರ ಕೈ ಮೊದಲು ಹುಡುಕುವುದು ಮುಲಾಮಿನ ಕೊಳವೆಯನ್ನು. ಅಂಗಡಿಯವನು ಕೆಲವೊಮ್ಮೆ ಕೊಳವೆಯೊಡನೆ ನಾಲ್ಕು ಗುಳಿಗೆಗಳನ್ನೂ ಸೇರಿಸಿ ಕೊಡುವುದುಂಟು. ‘ನಂಜೇರದಿರಲಿ’ ಎಂಬ ಒಂದು ಮಾತಿನಲ್ಲಿ ಈ ವ್ಯವಹಾರಕ್ಕೆ ಸಮಾಧಾನ ದೊರೆಯುತ್ತದೆ. ಆದರೆ ಸಣ್ಣ ಸುಟ್ಟಗಾಯಕ್ಕೆ ಪ್ರತಿಜೈವಿಕವು ನಿಜಕ್ಕೂ ಬೇಕೆ? ಬೇಡವಾದ ಕಡೆ ಬಳಸಿದರೆ ಬರಿಯ ಹಣದ ಹಾನಿಯೇ, ಅಥವಾ ಅದಕ್ಕಿಂತ ದೊಡ್ಡ ಹಾನಿಯುಂಟೇ? ಈ ಪ್ರಶ್ನೆಗಳಿಗೆ ಉತ್ತರ ಹೊಸದೇನಲ್ಲ. ಸುಟ್ಟಗಾಯದ ಚಿಕಿತ್ಸೆಯ ಎಂಬತ್ತು ವರ್ಷಗಳ ಚರಿತ್ರೆಯಲ್ಲಿ ಅದು ಹೆಜ್ಜೆಹೆಜ್ಜೆಗೂ ಬರೆದಿಟ್ಟಂತಿದೆ. ಆ ಚರಿತ್ರೆಯ ಒಂದು ಎಳೆ ಪುಣೆಯದು. ಇನ್ನೊಂದು ಎಳೆ ಕನ್ನಡಿಗರಿಗೆ ಅಪರಿಚಿತವಲ್ಲದ ಸೊಲ್ಲಾಪುರದ್ದು.

೨

ಬೆಂಕಿಯ ಗಾಯವನ್ನು ಅದರ ಆಳದ ಮೇಲೆ ವಿಂಗಡಿಸುವ ಪದ್ಧತಿ ಈ ದೇಶದಲ್ಲಿ ಬಹಳ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಅಗ್ನಿಕರ್ಮವನ್ನು ಹೇಳುವ ಅಧ್ಯಾಯದಲ್ಲಿ, ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಗಳನ್ನು ಹೇಳಿದೆ. ಬಣ್ಣಗೆಡುವುದು ಮೊದಲನೆಯದರ ಗುರುತು. ಬೊಬ್ಬೆಯೆದ್ದು ಉರಿಯುವುದು ಎರಡನೆಯದರದು. ಮಾಂಸ ಜೋತುಬೀಳುವುದು ಕೊನೆಯದರದು. ಇಂದಿನ ವೈದ್ಯರ ವಿಂಗಡಣೆಗೆ ಇದು ದೂರವಲ್ಲ. ಆದರೆ ಪೂರ್ವಿಕರ ಮಾತೆಲ್ಲವೂ ಒಪ್ಪತಕ್ಕದ್ದೆಂದು ಇದರಿಂದ ಭಾವಿಸಲಾಗದು. ಪ್ಲುಷ್ಟಕ್ಕೆ ಅದೇ ಗ್ರಂಥವು ಮತ್ತೆ ಬೆಂಕಿಯ ಕಾವನ್ನೂ ಉಷ್ಣೋಪಚಾರವನ್ನೂ ವಿಧಿಸುತ್ತದೆ. ಇಂದಿನ ತಿಳಿವಳಿಕೆಯೋ ತಣ್ಣೀರನ್ನೇ ವಿಧಿಸುತ್ತದೆ. ಸುಣ್ಣದ ತಿಳಿನೀರಿಗೆ ಎಣ್ಣೆ ಬೆರೆಸಿ ಹಚ್ಚುವ ಮದ್ದು ಈ ದೇಶದ ಮನೆಗಳಲ್ಲಿದ್ದಂತೆ ಸ್ಕಾಟ್ಲೆಂಡಿನ ಕ್ಯಾರನ್ ಕಬ್ಬಿಣದ ಕಾರಖಾನೆಯಲ್ಲಿಯೂ ಇದ್ದಿತು. ಅಲ್ಲಿನ ಕೆಲಸಗಾರರಿಗೆ ಹಚ್ಚುತ್ತಿದ್ದ ಅಗಸೆ ಎಣ್ಣೆಯ ಆ ಮಿಶ್ರಣಕ್ಕೆ ‘ಕ್ಯಾರನ್ ತೈಲ’ವೆಂದೇ ಹೆಸರಾಯಿತು.

ಸಣ್ಣ ಗಾಯವೆಂದರೆ ಯಾವುದು? ರೋಗಿಯ ಅಂಗೈ, ಬೆರಳುಗಳೂ ಸೇರಿ, ಅವನ ಮೈಯ ಒಟ್ಟು ಚರ್ಮದ ನೂರರಲ್ಲಿ ಸುಮಾರು ಒಂದು ಪಾಲು. ವಯಸ್ಕರಲ್ಲಿ ಇಂಥ ಹತ್ತು ಅಂಗೈಗಳಿಗಿಂತ, ಮಕ್ಕಳಲ್ಲಿ ಅವರದೇ ಐದು ಅಂಗೈಗಳಿಗಿಂತ ಕಡಿಮೆಯಾಗಿದ್ದು, ಚರ್ಮದ ಪೂರ್ಣ ದಪ್ಪವನ್ನು ಸುಡದೆ ಮೇಲ್ಪದರಗಳಲ್ಲಿಯೇ ನಿಂತ ಗಾಯವನ್ನು ಸಣ್ಣದೆನ್ನುವುದು ರೂಢಿ. ಮುಖ, ಕೈ, ಪಾದ, ಗುಹ್ಯಾಂಗ, ಕೀಲುಗಳ ಮೇಲಿನ ಗಾಯ, ವಿದ್ಯುತ್ತಿನಿಂದಲೋ ಆಮ್ಲ ಕ್ಷಾರಗಳಿಂದಲೋ ಆದ ಗಾಯ, ಹೊಗೆ ಒಳಗೆ ಹೋದ ಪ್ರಸಂಗ, ಇವು ಎಷ್ಟೇ ಚಿಕ್ಕವಾಗಿ ಕಂಡರೂ ಈ ಲೆಕ್ಕಕ್ಕೆ ಸೇರವು. ಅಂಥವನ್ನು ವೈದ್ಯನೇ ನೋಡತಕ್ಕದ್ದು. ಸಣ್ಣವೆನಿಸಿದ ಗಾಯಗಳಲ್ಲಿ ಹೆಚ್ಚಿನವು ಎರಡು ಮೂರು ವಾರಗಳೊಳಗೆ ತಮ್ಮಷ್ಟಕ್ಕೆ ಮಾಯುತ್ತವೆ. ಕೂದಲಿನ ಬುಡದಲ್ಲಿಯೂ ಬೆವರಿನ ಗ್ರಂಥಿಗಳಲ್ಲಿಯೂ ಉಳಿದುಕೊಂಡ ಜೀವಕೋಶಗಳು ಬೆಳೆದು ಹೊಸ ಚರ್ಮವನ್ನು ಹಾಸುತ್ತವೆ. ಮಾಯಿಸುವ ಶಕ್ತಿ ಚರ್ಮದಲ್ಲಿದೆ, ಮುಲಾಮಿನಲ್ಲಿಲ್ಲ.

ದೊಡ್ಡ ಗಾಯದ ಕಥೆ ಬೇರೆ. ಅಲ್ಲಿ ಸತ್ತ ಚರ್ಮದ ಪದರವೊಂದು ಜೀವಂತ ಮೈಯ ಮೇಲೆ ಹೆಪ್ಪುಗಟ್ಟಿ ಕೂಡುತ್ತದೆ. ಅದಕ್ಕೆ ರಕ್ತದ ಸಂಚಾರವಿಲ್ಲ. ಆದುದರಿಂದ ನುಂಗಿದ ಅಥವಾ ಚುಚ್ಚಿದ ಔಷಧ ಅಲ್ಲಿಗೆ ಸಾಕಷ್ಟು ತಲುಪದು. ಒಸರುವ ರಸದಲ್ಲಿ ಸಾರಜನಕದ ಆಹಾರ ಹೇರಳವಾಗಿದೆ. ಮೊದಲು ರೋಗಿಯ ಸ್ವಂತ ಚರ್ಮದಲ್ಲಿ ವಾಸವಾಗಿದ್ದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಗಳೂ, ಕೆಲವು ದಿನಗಳ ತರುವಾಯ ಕರುಳಿನಿಂದಲೂ ಆಸ್ಪತ್ರೆಯ ನೀರುನೆಲೆಗಳಿಂದಲೂ ಬರುವ ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲ ಮೊದಲಾದವೂ ಅಲ್ಲಿ ಬೀಡುಬಿಡುತ್ತವೆ. ಈ ಎರಡು ಗಾಯಗಳ ಭೇದವನ್ನು ಮರೆತುದೇ ಮುಂದಿನ ಅನರ್ಥಕ್ಕೆ ಮೂಲ. ದೊಡ್ಡ ಗಾಯದಲ್ಲಿ ಪ್ರಾಣ ಉಳಿಸುವ ಮದ್ದು ಸಣ್ಣ ಗಾಯಕ್ಕೂ ಒಳ್ಳೆಯದೇ ಇರಬೇಕೆಂಬ ಊಹೆ ಸಹಜವಾಗಿ ಹುಟ್ಟಿತು, ಪರೀಕ್ಷೆಯಿಲ್ಲದೆ ನಿಂತಿತು.

೩

ಅಲೆಕ್ಸಾಂಡರ್ ಫ್ಲೆಮಿಂಗ್ ೧೯೨೮ರಲ್ಲಿ ಬೂಷ್ಟಿನಿಂದ ಪೆನಿಸಿಲಿನ್ನನ್ನು ಕಂಡುದೂ, ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಚೇನ್ ಅದನ್ನು ಔಷಧವಾಗಿಸಿದುದೂ ಸರ್ವವಿದಿತ. ಅಷ್ಟು ವಿದಿತವಲ್ಲದ ಸಂಗತಿಯೊಂದಿದೆ. ೧೯೪೧ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಪೊಲೀಸಿನವನೊಬ್ಬನಿಗೆ ಈ ಔಷಧವನ್ನು ಚಿಕಿತ್ಸೆಗಾಗಿ ಮೊದಲು ಕೊಟ್ಟು ನೋಡಿದರು. ಅದಕ್ಕೂ ಮುಂಚೆ, ೧೯೪೦ರ ಡಿಸೆಂಬರಿನಲ್ಲಿಯೇ, ಪೆನಿಸಿಲಿನ್ನನ್ನು ಮುರಿದುಹಾಕುವ ಕಿಣ್ವವೊಂದು ಬ್ಯಾಕ್ಟೀರಿಯಗಳಲ್ಲಿ ಇದೆಯೆಂದು ಏಬ್ರಹಾಂ ಮತ್ತು ಚೇನ್ ಪ್ರಕಟಿಸಿದ್ದರು. ಔಷಧವು ರೋಗಿಯನ್ನು ಮುಟ್ಟುವುದಕ್ಕೆ ಮೊದಲೇ ಅದರ ವೈರಿ ಗೋಚರಿಸಿದ್ದಿತು. ೧೯೪೫ರಲ್ಲಿ ನೊಬೆಲ್ ಬಹುಮಾನದ ಉಪನ್ಯಾಸದಲ್ಲಿ ಫ್ಲೆಮಿಂಗನೂ ಇದೇ ಎಚ್ಚರಿಕೆಯನ್ನು ಕೊಟ್ಟನು. ಸಾಲದ ಪ್ರಮಾಣದಲ್ಲಿ ಔಷಧ ತೆಗೆದುಕೊಂಡವನು ಬ್ಯಾಕ್ಟೀರಿಯಗಳನ್ನು ಕೊಲ್ಲುವುದಿಲ್ಲ, ಪಳಗಿಸುತ್ತಾನೆ. ಪಳಗಿದವು ಇನ್ನೊಬ್ಬನ ಮೈಗೆ ದಾಟಿ ಅವನನ್ನು ಕೊಲ್ಲಬಹುದು ಎಂಬುದು ಅವನ ಮಾತಿನ ತಾತ್ಪರ್ಯ.

ಸುಟ್ಟಗಾಯಕ್ಕೂ ಪೆನಿಸಿಲಿನ್ನಿಗೂ ಲೋಕದ ಕಣ್ಣೆದುರು ನಂಟು ಬೆಳೆದುದು ೧೯೪೨ರ ನವೆಂಬರ್ ೨೮ರಂದು. ಆ ರಾತ್ರಿ ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿಲಾಸಗೃಹಕ್ಕೆ ಬೆಂಕಿ ಬಿದ್ದು ೪೯೨ ಮಂದಿ ಮಡಿದರು. ಬದುಕಿದವರಿಗಾಗಿ ಯುದ್ಧಕಾಲದ ಗುಟ್ಟಿನ ಔಷಧವಾಗಿದ್ದ ಪೆನಿಸಿಲಿನ್ನನ್ನು ಕಾವಲಿನೊಡನೆ ತರಿಸಲಾಯಿತು. ಜನರ ನೆನಪಿನಲ್ಲಿ ಉಳಿದುದು ಈ ಭಾಗ ಮಾತ್ರ. ಆದರೆ ಅಂದು ಕೊಟ್ಟ ಪೆನಿಸಿಲಿನ್ ಬಹು ಸ್ವಲ್ಪ. ಅದರಿಂದಲೇ ಗುಣವಾಯಿತೆಂದು ನಿರ್ಣಯಿಸಲು ವೈದ್ಯರಿಗೇ ಆಧಾರ ಸಾಲಲಿಲ್ಲ. ಅದೇ ಅವಘಡದಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಶಸ್ತ್ರವೈದ್ಯ ಆಲಿವರ್ ಕೋಪ್ ಮತ್ತು ಅವನ ಸಂಗಡಿಗರು, ಅಂದಿನ ರೂಢಿಯಂತೆ ಗಾಯವನ್ನು ಉಜ್ಜಿ ಟ್ಯಾನಿಕ್ ಆಮ್ಲ ಬಳಿಯದೆ, ಬೋರಿಕ್ ಬೆರೆತ ಪೆಟ್ರೊಲೇಟಂ ಸವರಿದ ತೆಳುಬಟ್ಟೆಯನ್ನು ಸುಮ್ಮನೆ ಹೊದಿಸಿ ಬಿಟ್ಟರು. ಗಾಯಗಳು ಚೆನ್ನಾಗಿ ಮಾದುವು. ಸೌಮ್ಯವಾದ ಹೊದಿಕೆಯೇ ಸಾಕೆಂಬ ಪಾಠವು ಅಲ್ಲಿ ದೊರೆತಿದ್ದಿತು. ಹೊಸ ಔಷಧದ ಹೊಳಪಿನಲ್ಲಿ ಅದು ಮಬ್ಬಾಯಿತು.

ಯುದ್ಧ ಮುಗಿದ ಮೇಲೆ ಪೆನಿಸಿಲಿನ್ ಹೇರಳವಾಯಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ವಿದುಷಿ ಸ್ಟೆಫಿಲೊಕಾಕಸ್‌ಗಳನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದಳು. ಪೆನಿಸಿಲಿನ್ನಿಗೆ ಬಗ್ಗದವುಗಳ ಪ್ರಮಾಣ ೧೯೪೬ರಲ್ಲಿ ನೂರಕ್ಕೆ ೧೪, ೧೯೪೭ರಲ್ಲಿ ೩೮, ೧೯೪೮ರಲ್ಲಿ ೫೯. ಪಿಂಪ್ರಿಯಲ್ಲಿ ಕಾರಖಾನೆಯ ಕಟ್ಟಡವೇಳುವುದಕ್ಕೆ ಆರು ವರ್ಷ ಮುಂಚಿನ ಮಾತಿದು. ಮೆಥಿಸಿಲಿನ್ ಎಂಬ ಹೊಸ ಬಗೆಯನ್ನು ರೂಪಿಸಿ ಬಳಕೆಗೆ ತಂದು ಎರಡು ವರ್ಷ ತುಂಬುವುದರೊಳಗೆ, ೧೯೬೧ರಲ್ಲಿ, ಅದಕ್ಕೂ ಬಗ್ಗದ ಸ್ಟೆಫಿಲೊಕಾಕಸ್ ಕಾಣಿಸಿತು. ಹೀಗೆಂದು ಬ್ಯಾಕ್ಟೀರಿಯಗಳೆಲ್ಲವೂ ಒಂದೇ ಸಮನಾಗಿ ಕಲಿಯುವುದಿಲ್ಲವೆಂಬುದನ್ನೂ ಹೇಳಬೇಕು. ಸುಟ್ಟಗಾಯಕ್ಕೂ ಚರ್ಮದ ಕಸಿಗೂ ಪರಮವೈರಿಯಾದ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಎಂಬುದು ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತದೆ. ಆದುದರಿಂದ ಹಳೆಯ ಔಷಧವು ವ್ಯರ್ಥವಾಯಿತೆನ್ನುವಂತಿಲ್ಲ. ಯಾವಾಗ ಯಾವುದಕ್ಕೆ ಎಂಬ ವಿವೇಚನೆಯೇ ಮುಖ್ಯ.

೪

ಸುಟ್ಟಗಾಯದ ನಂಜನ್ನು ಕ್ರಮಬದ್ಧವಾಗಿ ಶೋಧಿಸಿದವರಲ್ಲಿ ಲಿಯೊನಾರ್ಡ್ ಕೋಲ್‌ಬ್ರೂಕ್ ಅಗ್ರಗಣ್ಯ. ಬಾಣಂತಿ ಸನ್ನಿಯಲ್ಲಿ ಸಲ್ಫಾ ಔಷಧದ ಉಪಯೋಗವನ್ನು ತೋರಿಸಿಕೊಟ್ಟಿದ್ದ ಈತನು ಯುದ್ಧಕಾಲದಲ್ಲಿ ಗ್ಲಾಸ್ಗೋವಿನಲ್ಲಿಯೂ ಆಮೇಲೆ ಬರ್ಮಿಂಗ್‌ಹ್ಯಾಮಿನ ಅಪಘಾತ ಆಸ್ಪತ್ರೆಯಲ್ಲಿಯೂ ಸುಟ್ಟವರ ವಿಭಾಗಗಳನ್ನು ನಡೆಸಿದನು. ಪೆನಿಸಿಲಿನ್ ಬೆರೆತ ಲೇಪವನ್ನು ಪರೀಕ್ಷಿಸಿ ಸ್ಟ್ರೆಪ್ಟೊಕಾಕಸ್ ಹಾವಳಿಯನ್ನು ತಗ್ಗಿಸಿದನು. ಆದರೆ ಅವನ ದೃಷ್ಟಿ ಔಷಧದಲ್ಲಿಯೇ ನಿಲ್ಲಲಿಲ್ಲ. ಒಬ್ಬ ರೋಗಿಯ ಗಾಯದಿಂದ ಇನ್ನೊಬ್ಬನಿಗೆ ಸೂಕ್ಷ್ಮಜೀವಿ ದಾಟುವುದು ಪಟ್ಟಿ ಬಿಚ್ಚುವ ಹೊತ್ತಿನಲ್ಲಿ, ಗಾಳಿಯ ಮೂಲಕ ಮತ್ತು ಶುಶ್ರೂಷಕರ ಕೈಗಳ ಮೂಲಕ ಎಂಬುದನ್ನು ಕಂಡು, ಸೋಸಿದ ಗಾಳಿಯ ಕೋಣೆಯಲ್ಲಿ ಪಟ್ಟಿ ಕಟ್ಟುವ ಏರ್ಪಾಡನ್ನು ಮಾಡಿದನು. ಸುಟ್ಟ ಮಕ್ಕಳು ಪುನಃಪುನಃ ಬರುವುದನ್ನು ನೋಡಿ, ಮನೆಯ ಅಗ್ಗಿಷ್ಟಿಕೆಗಳಿಗೆ ತಡೆಬಲೆ ಇರಲೇಬೇಕೆಂದು ವಾದಿಸಿದನು. ಬ್ರಿಟನ್ನಿನ ಪಾರ್ಲಿಮೆಂಟು ೧೯೫೨ರಲ್ಲಿ ಆ ಬಗ್ಗೆ ಕಾಯಿದೆ ಮಾಡಿತು. ಔಷಧಗಳನ್ನು ಅವನಷ್ಟು ಬಲ್ಲವರು ವಿರಳ. ಆದರೂ ಗಾಯವಾಗದಂತೆ ತಡೆಯುವುದೇ ಅವನ ಕೊನೆಯ ಗುರಿಯಾಯಿತು.

ಅದೇ ವಿಭಾಗದಲ್ಲಿ ಕೋಲ್‌ಬ್ರೂಕನ ತರುವಾಯ ಶೋಧನೆಯನ್ನು ಮುಂದುವರಿಸಿದವನು ಎಡ್ವರ್ಡ್ ಲೋಬರಿ. ಸ್ಟ್ರೆಪ್ಟೊಕಾಕಸ್ ತಗ್ಗಿದ ಸ್ಥಳಕ್ಕೆ ಸ್ಯೂಡೊಮೊನಾಸ್ ಏರಿಬಂದುದನ್ನು ಅವನು ನೋಡಿದನು. ಒಂದನ್ನು ಓಡಿಸಿದರೆ ಖಾಲಿಯಾದ ನೆಲಕ್ಕೆ ಅದಕ್ಕಿಂತ ಮೊಂಡಾದ ಇನ್ನೊಂದು ಬರುವುದು ಅಲ್ಲಿಯ ನಿತ್ಯಾನುಭವವಾಯಿತು. ಸ್ಯೂಡೊಮೊನಾಸ್‌ಗೆಂದೇ ಕಾರ್ಬೆನಿಸಿಲಿನ್ ಎಂಬ ಔಷಧವು ೧೯೬೭ರಲ್ಲಿ ಬಳಕೆಗೆ ಬಂದಿತು. ೧೯೬೯ರಲ್ಲಿ, ಎರಡೇ ವರ್ಷಗಳಲ್ಲಿ, ಬರ್ಮಿಂಗ್‌ಹ್ಯಾಮಿನ ಆ ಸುಟ್ಟವರ ವಿಭಾಗದಲ್ಲಿ ಅದನ್ನು ಲೆಕ್ಕಿಸದ ಸ್ಯೂಡೊಮೊನಾಸ್‌ಗಳು ಕಾಣಿಸಿಕೊಂಡವು.

ಇಲ್ಲಿ ಬೆರಗಿನ ವಿಷಯ ನಿರೋಧವು ಹುಟ್ಟಿದುದಲ್ಲ. ಅದು ಬಂದ ಬಗೆ. ಬ್ಯಾಕ್ಟೀರಿಯದ ಮುಖ್ಯ ವಂಶಸೂತ್ರದಿಂದ ಬೇರೆಯಾಗಿ, ಉಂಗುರದಾಕಾರದ ಸಣ್ಣದೊಂದು ಸೂತ್ರವಿರುವುದುಂಟು. ಅದಕ್ಕೆ ಪ್ಲಾಸ್ಮಿಡ್ ಎಂದು ಹೆಸರು. ಎರಡು ಬ್ಯಾಕ್ಟೀರಿಯಗಳು ತಾಗಿ ನಿಂತಾಗ ಒಂದು ಇನ್ನೊಂದಕ್ಕೆ ಇದರ ಪ್ರತಿಯನ್ನು ದಾಟಿಸಬಲ್ಲದು. ಭೇದಿಯ ಬ್ಯಾಕ್ಟೀರಿಯಗಳಲ್ಲಿ ನಿರೋಧಶಕ್ತಿ ಹೀಗೆ ಕೈಯಿಂದ ಕೈಗೆ ದಾಟುವುದನ್ನು ಜಪಾನಿನ ವಿಜ್ಞಾನಿಗಳು ೧೯೫೯ರಲ್ಲಿಯೇ ತೋರಿಸಿದ್ದರು. ಬರ್ಮಿಂಗ್‌ಹ್ಯಾಮಿನ ಗಾಯಗಳಲ್ಲಿ ಒಂದೇ ಬಗೆಯ ಪ್ಲಾಸ್ಮಿಡ್ಡು ಸ್ಯೂಡೊಮೊನಾಸ್‌ನಲ್ಲಿಯೂ ಕ್ಲೆಬ್ಸಿಯೆಲ್ಲದಲ್ಲಿಯೂ ದೊರೆಯಿತು. ಕುಲ ಬೇರೆಯಾದರೂ ಆಸ್ತಿ ಒಂದೇ. ಆರ್‌ಪಿ-೧, ಆರ್‌ಪಿ-೪, ಆರ್‌ಕೆ-೨ ಎಂಬ ಹೆಸರುಗಳಿಂದ ಅದು ಪ್ರಪಂಚದ ಪ್ರಯೋಗಶಾಲೆಗಳಿಗೆಲ್ಲ ಪರಿಚಿತವಾಯಿತು. ಈ ಒಂದೇ ಉಂಗುರದ ಮೇಲೆ ಕಾರ್ಬೆನಿಸಿಲಿನ್, ಆಂಪಿಸಿಲಿನ್‌ಗಳ ವಿರುದ್ಧದ ಶಕ್ತಿಯಷ್ಟೇ ಅಲ್ಲದೆ, ಟೆಟ್ರಾಸೈಕ್ಲಿನ್ ಮತ್ತು ಕ್ಯಾನಮೈಸಿನ್–ನಿಯೊಮೈಸಿನ್‌ಗಳ ವಿರುದ್ಧದ ಶಕ್ತಿಯೂ ಇದ್ದಿತು.

ಇದರ ಅರ್ಥವನ್ನು ಗಮನಿಸಬೇಕು. ಒಂದು ಔಷಧದ ಬಳಕೆಯು ಅದರ ನಿರೋಧವನ್ನು ಮಾತ್ರ ಬೆಳಸುವುದಿಲ್ಲ. ಜೊತೆಯಲ್ಲಿ ಪೋಣಿಸಿಕೊಂಡ ಬೇರೆ ಔಷಧಗಳ ನಿರೋಧವನ್ನೂ ಬೆಳಸುತ್ತದೆ. ನಿಯೊಮೈಸಿನ್ನನ್ನು ೧೯೪೯ರಲ್ಲಿ ವಾಕ್ಸ್‌ಮನ್ ಮತ್ತು ಲೆಷೆವಾಲಿಯೆ ಕಂಡುಹಿಡಿದರು. ಅದರ ಒಂದು ರೂಪವೇ ಫ್ರಾಮೈಸೆಟಿನ್. ಸೋಫ್ರಾಮೈಸಿನ್ ಎಂಬ ಹೆಸರಿನಿಂದ ಭಾರತದ ಮನೆಗಳಲ್ಲಿ ನೆಲೆಯೂರಿದ ಮುಲಾಮಿನ ಸತ್ತ್ವ ಇದು. ಪೆನಿಸಿಲಿನ್ನನ್ನೇ ಚರ್ಮಕ್ಕೆ ಹಚ್ಚುವುದನ್ನು ವೈದ್ಯರು ಬಹುಬೇಗ ಬಿಟ್ಟಿದ್ದರು, ಏಕೆಂದರೆ ಹಚ್ಚಿದವರಲ್ಲಿ ಅನೇಕರಿಗೆ ಅದು ಒಗ್ಗದೆ ಚರ್ಮ ಕೆರಳುತ್ತಿದ್ದಿತು. ಆ ಜಾಗವನ್ನು ನಿಯೊಮೈಸಿನ್ ವರ್ಗವು ಹಿಡಿಯಿತು. ಅದರಿಂದಲೂ ಚರ್ಮ ಕೆರಳುವುದುಂಟು. ದೂರದ ಆಸ್ಪತ್ರೆಯೊಂದರ ಭೀಕರ ಗಾಯದಲ್ಲಿ ಕಂಡ ಪ್ಲಾಸ್ಮಿಡ್ಡಿಗೂ ಅಡುಗೆಮನೆಯ ಗೂಡಿನ ಕೊಳವೆಗೂ ಸಂಬಂಧ ಕಲ್ಪಿಸುವುದು ಅತಿಶಯೋಕ್ತಿಯಲ್ಲ. ನಿರೋಧದ ಸೂತ್ರಕ್ಕೆ ಗಾಯ ದೊಡ್ಡದೋ ಚಿಕ್ಕದೋ ಎಂಬ ಭೇದವಿಲ್ಲ. ಔಷಧದ ಒತ್ತಡವಿದ್ದ ಕಡೆಯೆಲ್ಲ ಅದು ಮೇಲುಗೈ ಪಡೆಯುತ್ತದೆ.

೫

ಬರ್ಮಿಂಗ್‌ಹ್ಯಾಮಿನಲ್ಲಿ ಇವು ನಡೆಯುತ್ತಿದ್ದ ದಶಕಗಳೇ ಪಿಂಪ್ರಿಯ ಉಜ್ಜ್ವಲ ಕಾಲ. ಕಾರಖಾನೆಯ ಪಕ್ಕದಲ್ಲಿಯೇ ಸಂಶೋಧನ ವಿಭಾಗ ಬೆಳೆಯಿತು. ೧೯೫೮ರಿಂದ ‘ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಬುಲೆಟಿನ್’ ಎಂಬ ವಿದ್ವತ್ಪತ್ರಿಕೆ ಹೊರಟಿತು. ಈ ವಿಭಾಗಕ್ಕೆ ಕೀರ್ತಿ ತಂದವರಲ್ಲಿ ಮುಖ್ಯರು ಮೈಸೂರು ಸೀಮೆಯ ಮಂಡಯಂ ಮನೆತನದ ಎಂ. ಜೆ. ತಿರುಮಲಾಚಾರ್.

ಅವರ ಮೂಲಶಾಸ್ತ್ರ ವೈದ್ಯವಲ್ಲ, ಬೆಳೆಗಳ ಬೂಷ್ಟುರೋಗ. ಮೈಸೂರಿನಲ್ಲಿ ಆ ಶಾಸ್ತ್ರಕ್ಕೆ ಭದ್ರವಾದ ಅಸ್ತಿಭಾರವಿದ್ದಿತು. ಅಡಕೆಯ ಕೊಳೆರೋಗವನ್ನು ಶೋಧಿಸಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಮಲೆನಾಡಿಗೆ ತಂದ ಲೆಸ್ಲಿ ಕೋಲ್ಮನ್ ೧೯೦೮ರಲ್ಲಿ ಮೈಸೂರು ಸರಕಾರದ ಸೇವೆಗೆ ಸೇರಿದ್ದನು. ತಿರುಮಲಾಚಾರ್ಯರು ೧೯೪೦ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು ತುಕ್ಕುರೋಗ, ಕಾಡಿಗೆರೋಗಗಳ ಶಿಲೀಂಧ್ರಗಳನ್ನು ಕುರಿತು ಬರೆದರು. ೧೯೫೨ರಲ್ಲಿ ಬಿ. ಬಿ. ಮುಂಡ್ಕೂರರೊಡನೆ ಭಾರತದ ಕಾಡಿಗೆ ಶಿಲೀಂಧ್ರಗಳ ಮೇಲಿನ ಗ್ರಂಥವನ್ನು ಪ್ರಕಟಿಸಿದರು. ಇಂಥ ವಿದ್ವಾಂಸರು ಔಷಧದ ಕಾರಖಾನೆಗೆ ಬಂದುದು ಆಕಸ್ಮಿಕವೆನಿಸೀತು. ಆದರೆ ಪ್ರತಿಜೈವಿಕಗಳ ತವರು ಮಣ್ಣು. ಮಣ್ಣಿನಲ್ಲಿ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಒಂದರ ಮೇಲೊಂದು ಪ್ರಯೋಗಿಸುವ ವಿಷಗಳನ್ನೇ ಮನುಷ್ಯನು ಎತ್ತಿಕೊಂಡು ಔಷಧವೆಂದಿದ್ದಾನೆ. ಮಣ್ಣಿನ ಜೀವಿಗಳನ್ನು ಗುರುತಿಸಬಲ್ಲವರೇ ಅಲ್ಲಿ ಬೇಕಾದವರು.

ಪಿಂಪ್ರಿಯಲ್ಲಿ ದೊರೆತ ಸ್ಟ್ರೆಪ್ಟೊಮೈಸಿಸ್ ಜಾತಿಯ ಜೀವಿಯೊಂದಕ್ಕೆ ಅವರು ಊರಿನ ಹೆಸರಿನಿಂದಲೇ ‘ಪಿಂಪ್ರಿನ’ ಎಂದು ನಾಮಕರಣ ಮಾಡಿದರು. ಅದರಿಂದ ಪಡೆದ ಔಷಧಕ್ಕೆ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಹ್ಯಾಮೈಸಿನ್’ ಎಂದು ಹೆಸರಾಯಿತು. ಇದು ಬ್ಯಾಕ್ಟೀರಿಯವನ್ನು ಕೊಲ್ಲುವುದಿಲ್ಲ, ಶಿಲೀಂಧ್ರವನ್ನು ಕೊಲ್ಲುತ್ತದೆ. ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಜಿಡ್ಡಿನ ಪದಾರ್ಥಕ್ಕೆ ಅಂಟಿ ಪೊರೆಯನ್ನು ಸೋರುವಂತೆ ಮಾಡುತ್ತದೆ. ಬ್ಯಾಕ್ಟೀರಿಯದ ಪೊರೆಯಲ್ಲಿ ಆ ಪದಾರ್ಥವಿಲ್ಲ. ಬೆಳೆಗಳ ರೋಗಕ್ಕಾಗಿ ಆರಿಯೊಫಂಗಿನ್, ಚರ್ಮದ ಹುಳುಕಡ್ಡಿಯಂಥ ರೋಗಗಳಿಗಾಗಿ ಡರ್ಮೊಸ್ಟಾಟಿನ್ ಎಂಬವೂ ಅದೇ ವಿಭಾಗದಿಂದ ಬಂದವು.

ಸುಟ್ಟಗಾಯದ ವಿಚಾರಕ್ಕೆ ಇದು ಹೊರಗಿನ ಮಾತಲ್ಲ. ಬಗೆಬಗೆಯ ಪ್ರತಿಜೈವಿಕಗಳನ್ನು ಬಹುಕಾಲ ಪಡೆದ ರೋಗಿಗೆ ಕ್ಯಾಂಡಿಡ ಮುಂತಾದ ಶಿಲೀಂಧ್ರಗಳ ಸೋಂಕು ತಗಲುವುದು ಸುಟ್ಟವರ ವಾರ್ಡುಗಳಲ್ಲಿ ಚಿರಪರಿಚಿತ. ಬ್ಯಾಕ್ಟೀರಿಯಗಳು ನಾಶವಾದ ಬಯಲಿನಲ್ಲಿ ಬೂಷ್ಟು ಹಬ್ಬುತ್ತದೆ. ಹೀಗೆ ಪಿಂಪ್ರಿಯ ಒಂದೇ ಅಂಗಳದಲ್ಲಿ ಪೆನಿಸಿಲಿನ್ನೂ ಸಿದ್ಧವಾಗುತ್ತಿದ್ದಿತು. ಅದರ ಬಂಧುಗಳ ಅತಿಬಳಕೆಯಿಂದ ಬರುವ ತೊಡಕಿಗೆ ಪರಿಹಾರವೂ ಸಿದ್ಧವಾಗುತ್ತಿದ್ದಿತು. ಹೊರದೇಶದ ಅಗ್ಗದ ಸರಕಿನ ಪೈಪೋಟಿಯಿಂದಲೂ ಇತರ ಕಾರಣಗಳಿಂದಲೂ ಸಂಸ್ಥೆಯು ೧೯೯೦ರ ದಶಕದಲ್ಲಿ ನಷ್ಟಕ್ಕೆ ಸಿಕ್ಕಿ ಬಳಲಿತು. ಆದರೆ ಔಷಧವನ್ನು ಬಡವನ ಕೈಗೆ ಮುಟ್ಟಿಸುವ ಅದರ ಮೂಲೋದ್ದೇಶ ನೆರವೇರಿದ್ದಿತು. ಔಷಧ ಸಿಗದೆ ಸಾಯುವವರು ಅಂದಿದ್ದಂತೆ ಇಂದೂ ಇದ್ದಾರೆ. ಬೇಡದಿದ್ದರೂ ಔಷಧ ಸೇವಿಸುವವರು ಅವರ ನೆರೆಮನೆಯಲ್ಲಿಯೇ ಇದ್ದಾರೆ. ಕೊರತೆಯೂ ಅತಿರೇಕವೂ ಒಂದೇ ಬೀದಿಯಲ್ಲಿ ವಾಸಿಸುವುದು ಈ ದೇಶದ ಪ್ರತಿಜೈವಿಕ ಸಮಸ್ಯೆಯ ವಿಶೇಷ ಲಕ್ಷಣ.

೬

ನಿರೋಧದ ಭಯ ಹೆಚ್ಚಿದಂತೆ ಬ್ಯಾಕ್ಟೀರಿಯ ಸುಲಭವಾಗಿ ಪಳಗದ ಪದಾರ್ಥಗಳ ಕಡೆಗೆ ವೈದ್ಯರ ಮನಸ್ಸು ಹೊರಳಿತು. ಮೊದಲನೆಯದು ಬೆಳ್ಳಿ. ೧೯೬೫ರಲ್ಲಿ ಮೋಯರ್ ಎಂಬ ಅಮೆರಿಕದ ವೈದ್ಯನು ನೂರಕ್ಕೆ ಅರ್ಧ ಪಾಲಿನ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಪುನಃ ಬಳಕೆಗೆ ತಂದನು. ೧೯೬೮ರಲ್ಲಿ ಚಾರ್ಲ್ಸ್ ಫಾಕ್ಸ್ ಬೆಳ್ಳಿಯನ್ನು ಸಲ್ಫಾ ಔಷಧಕ್ಕೆ ಕೂಡಿಸಿ ಸಿಲ್ವರ್ ಸಲ್ಫಡಯಜಿನ್ ಎಂಬ ಬಿಳಿಯ ಲೇಪವನ್ನು ರೂಪಿಸಿದನು. ದೊಡ್ಡ ಗಾಯಗಳ ಚಿಕಿತ್ಸೆಯಲ್ಲಿ ಅದು ಪ್ರಪಂಚದಾದ್ಯಂತ ಹರಡಿ, ಸಣ್ಣ ಗಾಯಗಳಿಗೂ ಇಳಿಯಿತು.

ಭಾರತದಲ್ಲಿ ಈ ಲೇಪದ ಬೆಲೆಯನ್ನೂ ಹೊದಿಕೆಗಳ ಅಭಾವವನ್ನೂ ಎದುರಿಸಿದ ವೈದ್ಯರು ಸ್ಥಳೀಯ ಪದಾರ್ಥಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಮುಂಬಯಿಯ ಬಾಯಿ ಜೆರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆಯ ಕೇಸ್ವಾನಿ ಅವರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಪಟ್ಟಿಯಾಗಿ ಜೋಡಿಸಿ ಹೊದಿಸುವ ವಿಧಾನವನ್ನು ೧೯೮೫ರಲ್ಲಿ ಪ್ರಕಟಿಸಿದರು. ಅದೇ ನಗರದ ಸಾಯನ್ ಆಸ್ಪತ್ರೆಯ ಗೋರೆ ಮತ್ತು ಅಕೋಲೇಕರ್ ೨೦೦೩ರಲ್ಲಿ ಬಾಳೆಎಲೆಯ ಹೊದಿಕೆಯನ್ನು ವಿವರಿಸಿದರು. ಎಲೆಯ ನುಣುಪು ಗಾಯಕ್ಕೆ ಅಂಟದು, ಬಿಚ್ಚುವಾಗ ನೋವಿಲ್ಲ. ಊಟಕ್ಕೆ ಹಾಸುವ ಎಲೆಯು ಶುದ್ಧಿಗೊಂಡು ಆಸ್ಪತ್ರೆಯ ಮೇಜಿಗೆ ಏರಿತು.

ಇವೆಲ್ಲಕ್ಕಿಂತ ಹೆಚ್ಚು ಚರ್ಚೆಗೆ ಬಂದುದು ಸೊಲ್ಲಾಪುರದ ಜೇನು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡ ಮಾತು ಇಂದಿಗೂ ಕೇಳಿಬರುವ ಆ ಜಿಲ್ಲೆಯ ಕೇಂದ್ರದ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರವೈದ್ಯರಾಗಿದ್ದ ಎಂ. ಸುಬ್ರಹ್ಮಣ್ಯಂ, ಬ್ರಿಟಿಷ್ ಶಸ್ತ್ರವೈದ್ಯ ಪತ್ರಿಕೆಯಲ್ಲಿ ೧೯೯೧ರಲ್ಲಿ ತಮ್ಮ ಪರೀಕ್ಷೆಯನ್ನು ಪ್ರಕಟಿಸಿದರು. ೧೦೪ ಜನ ರೋಗಿಗಳಲ್ಲಿ ೫೨ ಮಂದಿಗೆ ಜೇನುತುಪ್ಪ, ೫೨ ಮಂದಿಗೆ ಸಿಲ್ವರ್ ಸಲ್ಫಡಯಜಿನ್. ಏಳು ದಿನಗಳೊಳಗೆ ಜೇನಿನ ಗುಂಪಿನಲ್ಲಿ ನೂರಕ್ಕೆ ೯೧ ಗಾಯಗಳು ಬ್ಯಾಕ್ಟೀರಿಯ ಮುಕ್ತವಾದುವು. ಇನ್ನೊಂದರಲ್ಲಿ ನೂರಕ್ಕೆ ೭ ಮಾತ್ರ. ಹದಿನೈದು ದಿನಗಳೊಳಗೆ ಮಾದವು ನೂರಕ್ಕೆ ೮೭ ಮತ್ತು ೧೦. ಜೇನಿನ ದಟ್ಟವಾದ ಸಕ್ಕರೆಯು ಬ್ಯಾಕ್ಟೀರಿಯದ ನೀರನ್ನು ಹೀರುವುದು, ಅದರ ಹುಳಿ, ಅದರಲ್ಲಿರುವ ಕಿಣ್ವದಿಂದ ಸ್ವಲ್ಪಸ್ವಲ್ಪವಾಗಿ ಹುಟ್ಟುವ ಹೈಡ್ರೊಜನ್ ಪೆರಾಕ್ಸೈಡ್, ಇವು ಅದರ ಶಕ್ತಿಗೆ ಕಾರಣ. ಹಲವು ಮುಖಗಳಿಂದ ಎರಗುವ ಇಂಥ ಶತ್ರುವಿಗೆ ಬ್ಯಾಕ್ಟೀರಿಯ ಪಳಗುವುದು ಕಷ್ಟ.

ಈ ಅಂಕಿಗಳನ್ನು ನೋಡಿ ಜೇನೇ ಸಂಜೀವಿನಿ ಎನ್ನುವುದು ಅವಸರದ ಮಾತಾದೀತು. ಒಂದೇ ಊರಿನ ಪರೀಕ್ಷೆಗಳು ಪ್ರಮಾಣವಾಗಬೇಕಾದರೆ ಬೇರೆ ಊರುಗಳಲ್ಲಿಯೂ ಅವು ಮರುಕಳಿಸಬೇಕು. ಅಂತರರಾಷ್ಟ್ರೀಯ ಕೊಕ್ರೇನ್ ಸಂಸ್ಥೆಯ ೨೦೧೫ರ ಸಮೀಕ್ಷೆಯು ಮೇಲ್ಪದರದ ಸುಟ್ಟಗಾಯಗಳಲ್ಲಿ ರೂಢಿಯ ಹೊದಿಕೆಗಳಿಗಿಂತ ಜೇನು ಕೆಲವು ದಿನ ಮುಂಚೆ ಮಾಯಿಸುತ್ತದೆಂದು ಒಪ್ಪಿತು. ಅಲ್ಲದೆ ಆಸ್ಪತ್ರೆಯ ಜೇನನ್ನು ಕಿರಣಗಳಿಂದ ಶುದ್ಧಿ ಮಾಡಿರುತ್ತಾರೆ. ಅಂಗಡಿಯ ಸೀಸೆಯಲ್ಲಿ ಬ್ಯಾಕ್ಟೀರಿಯದ ಬೀಜಾಣುಗಳಿರಬಹುದು. ಸೊಲ್ಲಾಪುರದ ಪ್ರಯತ್ನದ ನಿಜವಾದ ಹಿರಿಮೆ ಬೇರೆಡೆ ಇದೆ: ಬೆಳ್ಳಿಯ ಲೇಪವು ಪ್ರಶ್ನಾತೀತವಲ್ಲವೆಂದು ಅದು ಬಹಳ ಮುಂಚೆಯೇ ತೋರಿಸಿತು.

೭

ಆ ಸಂದೇಹ ೨೦೧೩ರಲ್ಲಿ ದೃಢವಾಯಿತು. ಸುಟ್ಟಗಾಯದಲ್ಲಿ ನಂಜೇರದಂತೆ ಮುಂಜಾಗ್ರತೆಯಾಗಿ ಪ್ರತಿಜೈವಿಕ ಕೊಡುವುದನ್ನು ಕುರಿತು ಕೊಕ್ರೇನ್ ಸಮೀಕ್ಷೆಯು ೩೬ ಪರೀಕ್ಷೆಗಳನ್ನು ತೂಗಿ ನೋಡಿತು. ಹೊರಲೇಪದಿಂದ ನಂಜು ತಗ್ಗುವುದೆಂಬುದಕ್ಕೆ ಗಟ್ಟಿಯಾದ ಆಧಾರ ದೊರೆಯಲಿಲ್ಲ. ಸಿಲ್ವರ್ ಸಲ್ಫಡಯಜಿನ್ ಹಚ್ಚಿದವರಲ್ಲಿ, ಬರಿಯ ಹೊದಿಕೆಯನ್ನೋ ಕೃತಕ ಚರ್ಮವನ್ನೋ ಬಳಸಿದವರಿಗಿಂತ, ಗಾಯದ ನಂಜು ಹೆಚ್ಚಾಗಿಯೇ ಕಂಡಿತು. ಈ ಲೇಪವು ಹೊಸ ಚರ್ಮದ ಕೋಶಗಳಿಗೂ ತಡೆಯೊಡ್ಡಿ ಮಾಯುವುದನ್ನು ನಿಧಾನಗೊಳಿಸುತ್ತದೆ. ಗಾಯದ ಮೇಲೆ ಪೊರೆಗಟ್ಟಿ ಅದರ ಆಳವನ್ನು ಮರೆಮಾಡುತ್ತದೆ. ೧೯೪೨ರಲ್ಲಿ ಬಾಸ್ಟನ್ನಿನ ತೆಳುಬಟ್ಟೆ ಹೇಳಿದ್ದ ಮಾತನ್ನು ವಿಜ್ಞಾನವು ಎಪ್ಪತ್ತು ವರ್ಷ ಸುತ್ತಿ ಮತ್ತೆ ಮುಟ್ಟಿತು.

ಭಾರತದ ಶಾಸನವೂ ಈ ನಡುವೆ ಎಚ್ಚತ್ತಿತು. ೨೦೧೩ರಲ್ಲಿ ಪ್ರಕಟವಾಗಿ ೨೦೧೪ರ ಮಾರ್ಚ್ ೧ರಿಂದ ಜಾರಿಗೆ ಬಂದ ‘ಎಚ್-೧’ ಅನುಸೂಚಿಯು ಕೆಲವು ಮುಖ್ಯ ಪ್ರತಿಜೈವಿಕಗಳನ್ನು ವೈದ್ಯನ ಚೀಟಿಯಿಲ್ಲದೆ ಮಾರಬಾರದೆಂದೂ, ಚೀಟಿ ಬರೆದವನ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂದೂ ವಿಧಿಸಿತು. ಆದರೆ ಚರ್ಮಕ್ಕೆ ಹಚ್ಚುವ ಲೇಪಗಳು ಆ ಕಟ್ಟಿಗೆ ಒಳಪಡಲಿಲ್ಲ. ಗುಳಿಗೆಗೆ ಬಾಗಿಲು ಹಾಕಿ ಮುಲಾಮಿಗೆ ಕಿಟಕಿ ತೆರೆದಿಟ್ಟಂತಾಯಿತು. ಆದುದರಿಂದ ಈ ವಿಷಯದಲ್ಲಿ ಕಾಯಿದೆಗಿಂತ ಮನೆಯವರ ತಿಳಿವಳಿಕೆಯ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ.

ಆ ತಿಳಿವಳಿಕೆ ಸರಳವಾದುದು. ಸುಟ್ಟ ಭಾಗವನ್ನು ಕೂಡಲೇ ನಲ್ಲಿಯ ಹರಿಯುವ ತಣ್ಣೀರಿಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಮೂರು ಗಂಟೆಗಳೊಳಗೆ ಹಿಡಿದರೂ ಪ್ರಯೋಜನವುಂಟು. ಮಂಜುಗಡ್ಡೆ ಕೂಡದು, ಅದು ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಉಂಗುರ, ಬಳೆಗಳನ್ನು ಊತ ಬರುವ ಮುನ್ನ ತೆಗೆಯಬೇಕು. ಇಂಕು, ದಂತಮಂಜನ, ಕಾಫಿಪುಡಿ, ತುಪ್ಪ, ಅರಿಶಿನಗಳನ್ನು ಬಳಿಯದೆ, ಅಂಟದಂಥ ಶುದ್ಧವಾದ ಬಟ್ಟೆಯಿಂದ ಹೊದಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು ಹಳೆಯದಾಗಿದ್ದರೆ ಹೊಸದಾಗಿ ಹಾಕಿಸಬೇಕು. ಮುಂದಿನ ದಿನಗಳಲ್ಲಿ ಕೆಂಪು ಸುತ್ತಲೂ ಹರಡುತ್ತ ಹೋದರೆ, ಕಡಿಮೆಯಾಗಬೇಕಾದ ನೋವು ಹೆಚ್ಚಿದರೆ, ಕೀವು ದುರ್ವಾಸನೆಗಳು ಕಂಡರೆ, ಜ್ವರ ಬಂದರೆ, ಅದು ನಂಜಿನ ಲಕ್ಷಣ. ಆಗ ವೈದ್ಯನು ಪರೀಕ್ಷಿಸಿ ಪ್ರತಿಜೈವಿಕ ಬರೆಯುವುದು ಯುಕ್ತ. ಬರೆದುದನ್ನು ಹೇಳಿದ ಕ್ರಮದಲ್ಲಿ, ಹೇಳಿದಷ್ಟು ದಿನ ತೆಗೆದುಕೊಳ್ಳುವುದು ರೋಗಿಯ ಕರ್ತವ್ಯ. ಈ ಲಕ್ಷಣಗಳಿಲ್ಲದ ಸಣ್ಣ ಗಾಯಕ್ಕೆ ಪ್ರತಿಜೈವಿಕದ ಕೊಳವೆಯೂ ಬೇಡ, ಗುಳಿಗೆಯೂ ಬೇಡ.

ಹಚ್ಚಿದರೆ ತಾನೆ ಏನು ನಷ್ಟವೆಂಬ ಪ್ರಶ್ನೆ ಉಳಿಯುತ್ತದೆ. ಹಚ್ಚಿದವನಿಗೆ ನಷ್ಟ ಕಾಣದು. ಅವನ ಗಾಯ ಹೇಗೂ ಮಾಯುತ್ತದೆ, ಯಶಸ್ಸು ಮುಲಾಮಿಗೆ ಸಲ್ಲುತ್ತದೆ. ನಷ್ಟವನ್ನು ತೆರುವವನು ಬೇರೊಬ್ಬ. ಅದೇ ನಗರದ ಯಾವುದೋ ಸುಟ್ಟವರ ವಾರ್ಡಿನಲ್ಲಿ, ಸೀಮೆಎಣ್ಣೆಯ ಒಲೆ ಸಿಡಿದು ಮೈಯ ಅರ್ಧ ಭಾಗ ಬೆಂದ ಹೆಣ್ಣುಮಗಳ ಗಾಯದಲ್ಲಿ ಸ್ಯೂಡೊಮೊನಾಸ್ ಕುಳಿತಿರುತ್ತದೆ. ವೈದ್ಯನು ಒಂದೊಂದಾಗಿ ಔಷಧಗಳನ್ನು ಪ್ರಯೋಗಿಸುತ್ತಿರುತ್ತಾನೆ. ಒಂದೊಂದಾಗಿ ಅವು ಸೋಲುತ್ತಿರುತ್ತವೆ. ಪಿಂಪ್ರಿಯಲ್ಲಿ ದೇಶವು ಕಾರಖಾನೆ ಕಟ್ಟಿದುದು ಅಂಥವಳಿಗಾಗಿ. ಮುಂಗೈಯ ಬೊಬ್ಬೆಯನ್ನು ನೀರಿಗೊಡ್ಡಿ, ಬಟ್ಟೆ ಹೊದಿಸಿ, ಕೊಳವೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದವನು ಅವಳ ಪಾಲಿನ ಔಷಧವನ್ನು ಅವಳಿಗಾಗಿ ಉಳಿಸಿದಂತಾಗುತ್ತದೆ.